ಕೊಲು ಮೆಟ್ಟಿಲ ಮೇಲೆ ಕ್ಷಿಪಣಿ

ಬೊಂಬೆಗಳ ಟ್ರಂಕು ತೆಗೆದ ಕೂಡಲೇ ಮೂಗಿಗೆ ಬಡಿಯುವ ವಾಸನೆ ನನಗೆ ಚಿಕ್ಕಂದಿನಿಂದಲೂ ಗೊತ್ತು. ನುಸಿಗುಳಿಗೆ, ಒಣಗಿದ ಬೇವಿನ ಸೊಪ್ಪು, ಹಳೆಯ ತಮಿಳು ಪೇಪರು, ಹಿಂದಿನ ನವರಾತ್ರಿಯ ಅರಿಸಿನ ಕುಂಕುಮ ಎಲ್ಲ ಕಲೆತ ವಾಸನೆ ಅದು. ಇಷ್ಟು ವರ್ಷ ಅದು ಬಂದರೆ ಹಬ್ಬ ಬಂತು ಅಂತ ಖುಷಿಯಾಗುತ್ತಿತ್ತು. ಈ ಸಲ ಸಿಟ್ಟು ಬಂತು. ಎಲ್ಲಕ್ಕಿಂತ ಮೇಲೆ, ಅಷ್ಟಲಕ್ಷ್ಮಿಯರ ತಲೆಯ ಮೇಲೆ, ಪೇಪರು ಸುತ್ತಿದ ಉದ್ದನೆಯ ವಸ್ತುವೊಂದು ಮಲಗಿತ್ತು. ಬಿಚ್ಚಿ ನೋಡುವ ಅಗತ್ಯವಿರಲಿಲ್ಲ, ಹೋದ ವರ್ಷ ಸುತ್ತಿಟ್ಟವಳು ನಾನೇ.

ಅದು ನನ್ನ ಅಣ್ಣ ಶ್ರೀಪತಿಯ ಕ್ಷಿಪಣಿ. ಅಣ್ಣ ಊರಾಚೆಯ ಒಂದು ಸರ್ಕಾರಿ ಸಂಸ್ಥೆಯಲ್ಲಿ ಕೆಲಸ ಮಾಡಿದವನು. ಕ್ಷಿಪಣಿಯನ್ನು ಹೊತ್ತುಕೊಂಡು ಹೋಗಿ, ಬೇಕಾದ ಜಾಗದಲ್ಲಿ ನೆಟ್ಟಗೆ ಎತ್ತಿ ನಿಲ್ಲಿಸುವ ಲಾರಿಗಳ ವಿನ್ಯಾಸ ಅವನದು. ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿಯ ಜೊತೆಗೆ ಅಂಥ ಲಾರಿಯ ಒಂದು ಹಿತ್ತಾಳೆ ಮಾದರಿ ಮಾಡಿಸಿಕೊಟ್ಟರು. ಮೊಳದುದ್ದದ ಲಾರಿ, ಬೆನ್ನ ಮೇಲೆ ಬಿಳಿ ಬಣ್ಣದ ಕ್ಷಿಪಣಿ. ಪಕ್ಕದಲ್ಲಿರುವ ಗುಂಡಿ ತಿರುಗಿಸಿದರೆ ಅದು ನಿಧಾನವಾಗಿ ಎದ್ದು ನಿಲ್ಲುತ್ತದೆ. ಮನೆಗೆ ಬಂದವರು ಯಾರೇ ಆಗಲಿ, ಅದು ಏಳುವುದನ್ನು ನೋಡದೆ ಅವರಿಗೆ ಕಾಫಿ ಸಿಗುತ್ತಿರಲಿಲ್ಲ.

ಅಂಥ ವಸ್ತು ಬೆಸೆಂಟ್ ನಗರದ ನನ್ನ ಮನೆಯ ಟ್ರಂಕಿಗೆ ಹೇಗೆ ಬಂತು ಅನ್ನುವುದಕ್ಕೆ ಹೋದ ವರ್ಷದ ಕಥೆ ಹೇಳಬೇಕು.

ಹೋದ ವರ್ಷ ಇಲ್ಲಿ ಸೆಕೆ ಮುಗಿಯಲೇ ಇಲ್ಲ. ಆಷಾಢದಲ್ಲಿ ಬೀಸಬೇಕಾದ ಗಾಳಿ ಬೀಸಲಿಲ್ಲ, ಸಮುದ್ರ ಎರಡು ಬೀದಿ ಆಚೆಗಿದ್ದರೂ ಸಂಜೆಯ ಗಾಳಿ ನಮ್ಮ ಬಾಲ್ಕನಿಯವರೆಗೆ ಬರುತ್ತಿರಲಿಲ್ಲ. ಬರುವುದಾದರೂ ಹೇಗೆ. ಎದುರಿನ ಮನೆಯವರು ಎರಡು ಅಂತಸ್ತು ಎತ್ತಿದ್ದರು. ಅದನ್ನು ನೋಡಿ ಅವರ ಪಕ್ಕದವರು ಮೂರು ಎತ್ತಿದರು. ಈಗ ಆ ಇಬ್ಬರಿಗೂ ಗಾಳಿ ಇಲ್ಲ, ನಮಗೂ ಇಲ್ಲ. ಇದೇ ಹೊತ್ತಿಗೆ ಅಂಬತ್ತೂರಿನಲ್ಲಿದ್ದ ಅಣ್ಣನ ಹಳೆಯ ಅಪಾರ್ಟ್‌ಮೆಂಟನ್ನು ಬಿಲ್ಡರಿಗೆ ಕೊಟ್ಟು ಕೆಡವಿಸಿದರು. ಹೊಸದು ಏಳುವವರೆಗೆ ಅಣ್ಣನೂ ಪದ್ಮ ಅತ್ತಿಗೆಯೂ ಬಾಡಿಗೆ ಮನೆ ಹುಡುಕುತ್ತಿದ್ದರು. ತಂಗಿ ಮನೆ ಇರುವಾಗ ಬಾಡಿಗೆ ಯಾಕೆ ಅಂದವರು ನಮ್ಮ ಯಜಮಾನರು. ಬ್ಯಾಂಕಿನಲ್ಲಿ ಸಾಲ ಕೇಳಿದವರಿಗೆಲ್ಲ ಇಲ್ಲ ಅಂದು ಅಂದು ಸಾಕಾಗಿತ್ತೋ ಏನೋ, ನಿವೃತ್ತರಾದ ಮೇಲೆ ಅವರು ಯಾರಿಗೂ ಇಲ್ಲ ಅನ್ನುವುದಿಲ್ಲ. ಅತ್ತಿಗೆ ತಮ್ಮ ದೇವರ ಪೆಟ್ಟಿಗೆ ತಂದರು, ಅಣ್ಣ ಲಾರಿ ತಂದ.

ಜೊತೆಗೆ ಟಿವಿಯ ರಿಮೋಟು ಅವನ ಕೈಗೆ ಹೋಯಿತು. ಆಗ ಪಶ್ಚಿಮ ಏಷ್ಯಾದ ದೇಶಗಳಲ್ಲಿ ಯುದ್ಧ ನಡೆಯುತ್ತಿತ್ತು. ಅಣ್ಣನಿಗೆ ಯುದ್ಧದಲ್ಲಿ ಆಸಕ್ತಿ ಇರಲಿಲ್ಲ. ಯಾರು ಯಾಕೆ ಹೊಡೆದುಕೊಳ್ಳುತ್ತಿದ್ದಾರೆ, ಎಷ್ಟು ಜನ ಹೋದರು, ಊರು ಬಿಟ್ಟವರು ಎಲ್ಲಿ ಮಲಗಿದರು, ಅದೊಂದೂ ಅವನ ಕಿವಿಗೆ ಬೀಳುತ್ತಿರಲಿಲ್ಲ. ಅವನ ಕಣ್ಣೆಲ್ಲ ಯಾರ ಕ್ಷಿಪಣಿ ಎಷ್ಟು ದೂರ ಹೋಯಿತು, ಅದನ್ನು ತಡೆಯಲು ಹೋದ ಇನ್ನೊಬ್ಬರ ಕ್ಷಿಪಣಿ ಎಲ್ಲಿ ತಪ್ಪಿತು ಅನ್ನುವುದರ ಮೇಲೆ. ಯಾವುದೋ ದೇಶ ಹೊಸದೊಂದನ್ನು ಹಾರಿಸಿತು ಎಂದು ಸುದ್ದಿ ಬಂದ ದಿನ ಅವನು ಊಟದ ಮುಂದೆ ಸಪ್ಪಗೆ ಕೂತುಬಿಟ್ಟ. ಯಾರಾದರೂ ತೀರಿಕೊಂಡರಾ ಎಂದು ಯಜಮಾನರು ನನ್ನನ್ನು ಕೇಳಿದರು. ಹಿಂದೆಯೂ ಅಷ್ಟೇ. ನಮ್ಮದು ದೂರ ಹಾರಿದ ದಿನ ಇಡೀ ಅಪಾರ್ಟ್‌ಮೆಂಟಿಗೆ ಮೈಸೂರುಪಾಕು ಹಂಚುತ್ತಿದ್ದ, ಪಕ್ಕದ ದೇಶದ್ದು ಅದಕ್ಕಿಂತ ದೂರ ಹಾರಿದರೆ ಮನೆಯವರ ಮೇಲೆಲ್ಲ ಹಾರಾಡುತ್ತಿದ್ದ. ಆಯುಸ್ಸೆಲ್ಲ ಹೀಗೇ ಕಳೆದ ಮನುಷ್ಯ.

ನಾನು ಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತಳಾದವಳು. ಟಿವಿಯವರ ಭೂಪಟ ನೋಡಿದರೆ ನನಗೆ ಮೈ ಉರಿಯುತ್ತದೆ. ನದಿ ಇಲ್ಲ, ಬೆಟ್ಟ ಇಲ್ಲ, ಊರಿಲ್ಲ, ಈ ದೇಶದಿಂದ ಆ ದೇಶಕ್ಕೆ ಕೆಂಪು ಬಾಣಗಳು ಮಾತ್ರ. ನಡುವೆ ಒಂದು ನೀಲಿ ಪಟ್ಟಿ. ಆ ನೀಲಿ ಪಟ್ಟಿಯಲ್ಲಿ ನನ್ನ ಮಗ ಇದ್ದ.

ಜಯತೀರ್ಥ ಅವನ ಹೆಸರು, ನಮಗೆಲ್ಲ ಜಯು. ಗೋಧಿ ಸಾಗಿಸುವ ಒಂದು ಹಡಗಿನಲ್ಲಿ ಕಿರಿಯ ಅಧಿಕಾರಿ. ಆ ಸಲ ಅವನ ಹಡಗು ಅರಬ್ಬರ ಕಡೆಯ ಇಕ್ಕಟ್ಟಿನ ಸಮುದ್ರ ದಾಟಿ ಬರಬೇಕಿತ್ತು. ಹಡಗಿನಲ್ಲಿ ಅಡುಗೆಯವನು ತೂತುಕುಡಿಯ ಪಾಂಡಿ ಎಂಬಾತ. ನಮ್ಮವನಿಗಾಗಿ ಈರುಳ್ಳಿ ಬೆಳ್ಳುಳ್ಳಿ ಹಾಕದ ಸಾರನ್ನು ಬೇರೆ ಪಾತ್ರೆಯಲ್ಲಿ ಎತ್ತಿಡುತ್ತಿದ್ದ. ಒಂದು ಸಲ ಜಯು ವಿಡಿಯೊದಲ್ಲಿ ಮಾತಾಡುವಾಗ ಆತನೇ ಮುಖ ತೂರಿಸಿ, ನಿಮ್ಮ ಮನೆಯ ಗೊಜ್ಜಿಗೆ ಏನೇನು ಹುರಿದು ಹಾಕುತ್ತೀರಿ, ನಿಮ್ಮ ಮಗನಿಗೆ ನಾನು ಮಾಡಿದ್ದು ಹಿಡಿಸುತ್ತಿಲ್ಲ ಎಂದು ತಮಿಳಿನಲ್ಲಿ ಕೇಳಿದ. ಎಳ್ಳು ಕಡಿಮೆ ಮಾಡಿ ನೋಡು ಅಂದೆ. ಮುಂದಿನ ಸಲ ಹೆಬ್ಬೆರಳು ಎತ್ತಿ ತೋರಿಸಿದ. ಮಗನನ್ನು ನೀರಿನ ಮೇಲೆ ಕಳಿಸಿದ ತಾಯಿಗೆ ಆ ಅಡುಗೆಮನೆಯಲ್ಲಿ ಒಬ್ಬ ಗುರುತಿನವನಿದ್ದಾನೆ ಅನ್ನುವುದೇ ದೊಡ್ಡ ಸಮಾಧಾನ.

"ಅಣ್ಣಾ, ನೀನು ತೋರಿಸ್ತಿದೀಯಲ್ಲ ಆ ಬಾಣ, ಅದರ ಕೆಳಗೇ ಜಯು ಹಡಗು ಹೋಗ್ಬೇಕು," ಅಂದೆ ಒಂದು ದಿನ.

"ಗೊತ್ತು ಕಣೇ. ಸರಕಿನ ಹಡಗನ್ನ ಯಾರು ಹೊಡೀತಾರೆ. ಒಂದು ಕ್ಷಿಪಣಿ ಮಾಡಕ್ಕೆ ಎಷ್ಟು ಕಷ್ಟ ಗೊತ್ತಾ ನಿಂಗೆ. ಅದನ್ನ ಗೋಧಿ ಮೇಲೆ ವೇಸ್ಟ್ ಮಾಡ್ತಾರಾ."

ಹಡಗು ಎಲ್ಲಿದೆ ಎಂದು ತೋರಿಸುವ ಆ್ಯಪು ನನ್ನ ಫೋನಿನಲ್ಲಿತ್ತು. ಹಸಿರು ಚುಕ್ಕಿಯೊಂದು ದಿನಕ್ಕಿಷ್ಟು ಎಂದು ಸರಿಯುತ್ತದೆ. ನವರಾತ್ರಿ ಹತ್ತಿರ ಬರುವ ಹೊತ್ತಿಗೆ ಆ ಚುಕ್ಕಿ ಒಂದೇ ಕಡೆ ನಿಂತುಬಿಟ್ಟಿತು. ನಾನು ಫೋನು ಹಿಡಿದು ಹಾಲಿಗೆ ಬಂದೆ.

"ಅದಾ, ಟ್ರಾನ್ಸ್‌ಮಿಟರ್ ಆಫ್ ಮಾಡಿರ್ತಾರೆ. ಅಪಾಯದ ಜಾಗದಲ್ಲಿ ಹಾಗೇ ಮಾಡೋದು," ಅಂದ ಅಣ್ಣ. ನನಗೆ ಉಸಿರು ಬಂತು. ಅವನು ಅಲ್ಲಿಗೇ ನಿಲ್ಲಿಸಬಹುದಿತ್ತು. "ಆದ್ರೆ ಈಗ ಬಂದಿರೋ ಕ್ಷಿಪಣಿಗೆ ಅದೆಲ್ಲ ಲೆಕ್ಕಕ್ಕಿಲ್ಲ ಸುಧಾ. ಆಫ್ ಮಾಡಿದ್ರೂ ಹುಡುಕ್ಕೊಂಡು ಹೋಗತ್ತೆ. ಎಂಥ ಕೆಲಸ ಅಂತೀಯ ಅದು." ಅವನ ಮುಖದಲ್ಲಿ ನಿಜವಾದ ಮೆಚ್ಚುಗೆ ಇತ್ತು. ಪದ್ಮ ಅತ್ತಿಗೆ ಅವನ ತೊಡೆ ಚಿವುಟಿದ್ದು ನನಗೆ ಕಾಣಿಸಿತು. ಅವನಿಗೆ ಯಾಕೆ ಚಿವುಟಿದರು ಎಂದು ಅರ್ಥವಾಗಲಿಲ್ಲ.

ನಾವು ತಾತನ ಕಾಲಕ್ಕೆ ಮದ್ರಾಸಿಗೆ ಬಂದ ಮಾಧ್ವರು. ಮನೆಮಾತು ಕನ್ನಡವೇ, ಆದರೆ ಬೊಂಬೆ ಕೂರಿಸುವುದಕ್ಕೆ ಕೊಲು ಅನ್ನುತ್ತೇವೆ, ಉಸಲಿಗೆ ಸುಂಡಲ್ ಅನ್ನುತ್ತೇವೆ. ಕೊಲುವಿಗೆ ಪ್ರತಿ ವರ್ಷ ಒಂದಾದರೂ ಹೊಸ ಬೊಂಬೆ ಸೇರಬೇಕು. ಪಾಡ್ಯದ ದಿನ ಕಲಶ ಇಟ್ಟ ಮೇಲೆ ವಿಜಯದಶಮಿಯವರೆಗೆ ಯಾವ ಬೊಂಬೆಯನ್ನೂ ಕದಲಿಸುವ ಹಾಗಿಲ್ಲ. ನಮ್ಮ ಮನೆಯಲ್ಲಿ ಇನ್ನೊಂದು ರೂಢಿ, ಒಂದು ಸಲ ಕೂತ ಬೊಂಬೆಯನ್ನು ಮುಂದಿನ ವರ್ಷ ಪೆಟ್ಟಿಗೆಯಲ್ಲೇ ಬಿಡಬಾರದು. ಆ ವರ್ಷ ಮೈಲಾಪುರದ ಮಾಡವೀದಿಗೆ ಹೋಗಿ ಬೊಂಬೆ ಆರಿಸುವ ಮನಸ್ಸು ನನಗೆಲ್ಲಿತ್ತು. ಹಳೆಯವನ್ನೇ ಒರೆಸಿ ಮೆಟ್ಟಿಲ ಮೇಲೆ ಕೂರಿಸಿ, ಕಲಶ ಇಟ್ಟು, ನೈವೇದ್ಯಕ್ಕೆ ಕಡಲೆ ಬೆಂದಿದೆಯೇ ನೋಡಲು ಒಳಗೆ ಹೋದೆ. ಬಂದು ನೋಡಿದರೆ ದಶಾವತಾರಕ್ಕೂ ಅಂಗಡಿ ಹರಡಿ ಕೂತ ಚೆಟ್ಟಿಯಾರ್ ದಂಪತಿಯ ಬೊಂಬೆಗೂ ಮಧ್ಯೆ ಲಾರಿ ನಿಂತಿತ್ತು. ಕ್ಷಿಪಣಿ ಎದ್ದು ಕಲ್ಕಿಯ ಕುದುರೆಗಿಂತ ಎತ್ತರವಾಗಿತ್ತು. ಅದಕ್ಕೆ ಕುಂಕುಮ ಬೇರೆ ಹಚ್ಚಿದ್ದ.

"ಹೊಸ ಬೊಂಬೆ ಇಲ್ದೆ ಕೊಲು ಇಡ್ಬಾರ್ದು ಅಂತ ಅಮ್ಮ ಹೇಳ್ತಿರಲಿಲ್ವೇನೇ," ಅಂದ ಅಣ್ಣ, ಉಪಕಾರ ಮಾಡಿದವನ ಹಾಗೆ.

"ಇದು ಬೊಂಬೆನಾ ಅಣ್ಣಾ?"

"ನಮ್ಮ ದೇಶದ ಹೆಮ್ಮೆ. ದೇವರ ಮುಂದೆ ಇಡಕ್ಕೆ ಇದಕ್ಕಿಂತ ಇನ್ನೇನು ಬೇಕು. ಇಂಥವು ಇರೋದ್ರಿಂದಲೇ ನಾವು ನೆಮ್ಮದಿಯಾಗಿ ಮಲಗ್ತಿರೋದು. ನಾವು ಇದನ್ನ ಯಾರ ಮೇಲೂ ಹಾರಿಸಿಲ್ಲ, ಗೊತ್ತಾ. ಇದೆ ಅಂತ ಗೊತ್ತಿದ್ರೆ ಸಾಕು, ಎದುರಿನವನು ತೆಪ್ಪಗಿರ್ತಾನೆ."

"ಎದುರಿನವನು ತೆಪ್ಪಗೆ ಎಲ್ಲಿದ್ದ. ಅವನೂ ಒಂದು ಮಾಡ್ದ. ಅದಕ್ಕೆ ನೀನು ಇನ್ನೊಂದು ಮಾಡ್ದೆ. ನೆಮ್ಮದಿಯಾಗಿ ನೀನು ಮಲಗ್ತಿದೀಯ, ನನಗೆ ನಿದ್ದೆ ಬಂದು ವಾರ ಆಯ್ತು."

ಕಲಶ ಇಟ್ಟಾಗಿತ್ತು. ತೆಗೆಯುವ ಹಾಗಿರಲಿಲ್ಲ. ದಿನಾ ಸಂಜೆ ಅದಕ್ಕೂ ಸೇರಿಸಿ ಆರತಿ ಎತ್ತಬೇಕಾಗಿ ಬಂತು, ಹಲ್ಲು ಕಚ್ಚಿಕೊಂಡು ಎತ್ತಿದೆ. ಬಂದ ಹೆಂಗಸರು ಅದರ ಮುಂದೆ ಕೂತು ದೇವರನಾಮ ಹಾಡಿದರು. ಪಕ್ಕದ ಫ್ಲಾಟಿನ ವಸಂತಾ ಮಾಮಿ ಕನ್ನಡಕ ಸರಿಮಾಡಿಕೊಂಡು ನೋಡಿ, "ಎನ್ನ ಸುಧಾ, ಪುದು ಬೊಮ್ಮೈಯಾ? ಫೈರ್ ಎಂಜಿನ್ನಾ?" ಅಂದರು, ಏನು, ಹೊಸ ಬೊಂಬೆಯಾ ಅಂತ. ಅಣ್ಣನಿಗೆ ಅವಮಾನವಾಯಿತು. ಅಂದಿನಿಂದ ಅವನು ಕೊಲುವಿನ ಪಕ್ಕದಲ್ಲೇ ಕುರ್ಚಿ ಹಾಕಿ ಕೂತ. ಬಂದವರಿಗೆಲ್ಲ ಗುಂಡಿ ತಿರುಗಿಸಿ ಅದನ್ನು ಏಳಿಸಿ, ಇಳಿಸಿ, ಮತ್ತೆ ಏಳಿಸಿ ತೋರಿಸಿದ. ನನಗೆ ಆ ಗುಂಡಿಯ ಕಿರ್ರ್ ಸದ್ದು ಕನಸಿನಲ್ಲೂ ಕೇಳಿಸತೊಡಗಿತು. ಜಯುವಿನ ಚುಕ್ಕಿ ಮಾತ್ರ ಕದಲಲಿಲ್ಲ.

ಅಷ್ಟಮಿಯ ಸಂಜೆ ಆಕಾಶ ಕಪ್ಪಗಾಗಿತ್ತು. ಈ ಊರಲ್ಲಿ ಐಪ್ಪಸಿಯ, ಅಂದರೆ ತುಲಾಮಾಸದ, ಮಳೆಗೆ ಮುಂಚೆ ಹೀಗೆ ಸುಮ್ಮನೆ ಮೋಡ ಕವಿದು ಬೇಯಿಸುತ್ತದೆ. ಕೋಣೆ ತುಂಬ ಹೆಂಗಸರು, ಫ್ಯಾನು ತಿರುಗಿದರೂ ಎಲ್ಲರ ಕುಪ್ಪಸ ಒದ್ದೆ. ವಸಂತಾ ಮಾಮಿ ಹಾಡುತ್ತಿದ್ದರು. ನನ್ನ ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ಹೊಡೆದುಕೊಂಡಿತು. ಯಾವುದೋ ಗುರುತಿಲ್ಲದ ಉದ್ದದ ನಂಬರು. ಸದ್ದಿನಲ್ಲಿ ಕೇಳಿಸಲಿ ಎಂದು ಸ್ಪೀಕರಿಗೆ ಹಾಕಿದೆ.

"ಅಮ್ಮಾ, ನಾನ್ ನಲ್ಲಾ ಇರುಕ್ಕೇನ್. ಭಯಪ್ಪಡಾದೇ," ಅಂದ ಜಯು. ಚೆನ್ನಾಗಿದ್ದೀನಿ, ಹೆದರಬೇಡ ಅಂತ. ಅವನಿಗೆ ಕನ್ನಡ ಚೆನ್ನಾಗಿ ತಿಳಿಯುತ್ತದೆ, ಬಾಯಿಗೆ ಬರುವುದು ತಮಿಳೇ. ಹಾಡು ನಿಂತಿತು. ಹಡಗಿಗೆ ಏನೋ ಬಂದು ಬಡಿಯಿತಂತೆ, ಬೆಂಕಿ ಹತ್ತಿತಂತೆ, ತಾವೆಲ್ಲ ನೌಕಾಪಡೆಯ ಒಂದು ದೋಣಿಯಲ್ಲಿದ್ದೇವೆ, ಯಾರದೋ ಫೋನು, ಜಾಸ್ತಿ ಹೊತ್ತು ಮಾತಾಡಲು ಆಗುವುದಿಲ್ಲ ಎಂದ. ಗಂಟಲು ಒಡೆದ ಹಾಗಿತ್ತು, ತುಂಬಾ ಜೋರಾಗಿ ಮಾತಾಡುತ್ತಿದ್ದ, ತನ್ನ ಮಾತು ತನಗೇ ಕೇಳಿಸದವನ ಹಾಗೆ. ಮೈಗೆ ಏನಾದರೂ ಆಗಿದೆಯಾ, ಕೈಕಾಲು ಸರಿ ಇದೆಯಾ ಎಂದು ಕೇಳಲು ನಾನು ಬಾಯಿ ತೆಗೆದೆ.

ಅಣ್ಣ ಕುರ್ಚಿಯಿಂದ ಎದ್ದು ಬಂದು ಫೋನು ಕಿತ್ತುಕೊಂಡ.

"ಜಯು, ಮಾಮ ಮಾತಾಡ್ತಿರೋದು. ಏನು ಬಂತು ಅದು? ಡ್ರೋನಾ, ಕ್ಷಿಪಣಿನಾ? ನೀರಿನ ಮಟ್ಟದಲ್ಲಿ ಬಂತಾ, ಮೇಲಿಂದ ಬಿತ್ತಾ?"

"ಮಾಮಾ, ತೆರಿಯಲೆ. ನಾನ್ ಪಾಕ್ಕಲೆ. ಪಾಂಡಿ ಅಣ್ಣನ್ ಇಲ್ಲೆ ಮಾಮಾ," ಅಂದ ಜಯು. ಗೊತ್ತಿಲ್ಲ, ನಾನು ನೋಡಲಿಲ್ಲ, ಪಾಂಡಿ ಅಣ್ಣ ಇಲ್ಲ. ಹಾಲಿನಲ್ಲಿದ್ದ ಹೆಂಗಸರಿಗೆಲ್ಲ ಅರ್ಥವಾಯಿತು.

"ಅದಿರ್ಲಿ. ಎಲ್ಲಿ ಹೊಡೀತು ಹೇಳು. ಎಂಜಿನ್ ಕಡೆಗಾ, ಮುಂದುಗಡೆನಾ? ನೆನಪು ಮಾಡ್ಕೊ, ಅದು ಮುಖ್ಯ."

ಫೋನು ಕಟ್ಟಾಯಿತು.

ಎರಡು ವಾರ ಕಾದು ನನಗೆ ಸಿಕ್ಕಿದ್ದ ಮಾತು ಅದು. ಅಷ್ಟನ್ನೂ ಅವನು ತಿಂದುಹಾಕಿದ್ದ. ಆದರೆ ನನಗೆ ಇವತ್ತಿಗೂ ಮರೆಯಲಾಗದೆ ಇರುವುದು ಆಮೇಲೆ ಅವನು ಹಾಲಿನ ಕಡೆ ತಿರುಗಿದಾಗ ಇದ್ದ ಮುಖ. ಕಣ್ಣು ಹೊಳೆಯುತ್ತಿದ್ದವು. "ಕ್ಷಿಪಣಿನೇ, ಕೊನೇಲಿ ಮೇಲೆದ್ದು ಬಿದ್ದಿದೆ. ಗ್ಯಾರಂಟಿ. ಅವರ ಹತ್ರ ಇನ್ನೂ ಅಂಥದ್ದು ಬಂದಿಲ್ಲ ಅಂತ ಎಲ್ಲಾ ಹೇಳ್ತಿದ್ರು. ನಾನು ಹೇಳಿದ್ದೆ, ಬಂದಿದೆ ಅಂತ," ಅಂದ. ಗೋಧಿಯ ಮೇಲೆ ಯಾರೂ ವೇಸ್ಟ್ ಮಾಡುವುದಿಲ್ಲ ಎಂದವನೂ ಅವನೇ. ಅದು ಅವನಿಗೆ ನೆನಪೇ ಇರಲಿಲ್ಲ. ತಂಗಿಯ ಮಗನ ಹಡಗು ಹೊತ್ತಿ ಉರಿದದ್ದು ಅವನ ಮಟ್ಟಿಗೆ ತನ್ನ ಮಾತು ಗೆದ್ದಂತೆ ಆಗಿತ್ತು. ಎಲ್ಲೋ ಆ ಕ್ಷಿಪಣಿ ಮಾಡಿದವರ ಮನೆಯಲ್ಲೂ ಅದೇ ಹೊತ್ತಿಗೆ ಯಾರೋ ಮಿಠಾಯಿ ಹಂಚುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಬೇರೆ ಬೇರೆ ದೇಶದವರು, ಒಬ್ಬರಿಗೊಬ್ಬರು ಶತ್ರುಗಳು, ಆದರೆ ಎಲ್ಲ ಒಂದೇ ಜಾತಿ. ಅವರಿಗೆ ಬೇಕಾದ್ದು ಗೆಲುವೂ ಅಲ್ಲ, ಇನ್ನೊಬ್ಬನದಕ್ಕಿಂತ ತಮ್ಮದು ಮುಂದಿದೆ ಅನ್ನುವ ಒಂದು ಮಾತು ಅಷ್ಟೇ. ಅದಕ್ಕೆ ಯಾರ ಅಡುಗೆಮನೆ ಸುಟ್ಟರೂ ಸರಿ.

ನಾನು ಕೂಗಾಡಲಿಲ್ಲ. ಕೊಲು ಮನೆಯಲ್ಲಿ ಒಂದು ಪದ್ಧತಿ ಇದೆ. ಬಂದ ಮುತ್ತೈದೆಗೆ ಕುಂಕುಮ, ವೀಳ್ಯದೆಲೆ, ತೆಂಗಿನಕಾಯಿ, ರವಿಕೆ ಕಣ, ಸುಂಡಲ್ ಪೊಟ್ಟಣ ಇಟ್ಟ ತಾಂಬೂಲ ಕೊಟ್ಟರೆ ಅವರು ಇನ್ನು ಹೊರಡಬಹುದು ಎಂದು ಅರ್ಥ. ಮನೆಯಲ್ಲೇ ಇರುವವರಿಗೆ ಹಾಗೆ ಕೊಡುವುದಿಲ್ಲ. ನಾನು ಒಳಗೆ ಹೋಗಿ ತಟ್ಟೆ ಜೋಡಿಸಿ ತಂದು, ಹಾಲಿನ ನಡುವೆ, ಎಲ್ಲರಿಗಿಂತ ಮೊದಲು ಪದ್ಮ ಅತ್ತಿಗೆಯ ಮುಂದೆ ಹಿಡಿದೆ. ಅತ್ತಿಗೆಗೆ ಒಂದು ಕ್ಷಣದಲ್ಲಿ ತಿಳಿಯಿತು. ಆದರೂ ಸೆರಗೊಡ್ಡಿ ತೆಗೆದುಕೊಂಡರು. ಪಾಪ, ಅವರ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ.

"ಏನೇ ಸುಧಾ ಇದು, ಅವಳಿಗ್ಯಾಕೆ ಈಗ," ಅಂದ ಅಣ್ಣ.

"ಮಳೆ ಬರೋ ಹಾಗಿದೆ ಅಣ್ಣಾ. ಬೇಗ ಹೊರಟ್ಬಿಡಿ."

ಯಜಮಾನರು ನನ್ನ ಮುಖ ನೋಡಿ, ಎದ್ದು ಹೋಗಿ ಟ್ಯಾಕ್ಸಿ ಬುಕ್ ಮಾಡಿದರು. ಜೀವನದಲ್ಲಿ ಅವರು ನನಗೆ ಮಾಡಿದ ದೊಡ್ಡ ಉಪಕಾರ ಅದು. ಅಣ್ಣ ಬಟ್ಟೆಯ ಚೀಲ ಹಿಡಿದು ಕೊಲುವಿನ ಹತ್ತಿರ ಬಂದು ಲಾರಿಗೆ ಕೈ ಹಾಕಿದ. "ವಿಜಯದಶಮಿವರೆಗೂ ಮುಟ್ಟೋ ಹಾಗಿಲ್ಲ," ಅಂದೆ. ಅಮ್ಮನ ಮಾತನ್ನು ಅವನೇ ನೆನಪಿಸಿದ್ದನಲ್ಲ. ಕೈ ತೆಗೆದ. ಅವರು ಹೋದ ಸ್ವಲ್ಪ ಹೊತ್ತಿಗೇ ಮಳೆ ಬಂತು, ಹುಚ್ಚು ಮಳೆ. ನೆನೆದಿರಬೇಕು. ನನಗೆ ಅಯ್ಯೋ ಅನ್ನಿಸಲಿಲ್ಲ.

ಜಯು ದೀಪಾವಳಿ ಕಳೆದ ಮೇಲೆ ಬಂದ. ಎಡಕಿವಿ ಕೇಳಿಸುತ್ತಿರಲಿಲ್ಲ. ಮತ್ತೆ ಸಮುದ್ರಕ್ಕೆ ಹೋಗಲಿಲ್ಲ, ಬಂದರಿನ ಹತ್ತಿರದ ಒಂದು ಆಫೀಸಿನಲ್ಲಿ ಕೂತು ಕೆಲಸ ಮಾಡುತ್ತಾನೆ. ಬಂದ ವಾರವೇ ತೂತುಕುಡಿಗೆ ಹೋಗಿ ಪಾಂಡಿಯ ಹೆಂಡತಿಯನ್ನು ನೋಡಿಕೊಂಡು ಬಂದ. ಅಂದಿನಿಂದ ಮನೆಯಲ್ಲಿ ಗೊಜ್ಜು ಮಾಡಿದರೆ ಮಾತ್ರ ತಟ್ಟೆಯಲ್ಲಿ ಹಾಗೇ ಬಿಡುತ್ತಿದ್ದ. ಆಮೇಲೆ ನಾನು ಮಾಡುವುದನ್ನೇ ಬಿಟ್ಟೆ.

ಅಣ್ಣ ಒಂದು ಫೋನೂ ಮಾಡಲಿಲ್ಲ. ಅತ್ತಿಗೆಯ ಕೈಯಲ್ಲಿ ಮಾತ್ರ ಆಗಾಗ ಹೇಳಿಸುತ್ತಿದ್ದ, ಆ ಮೆಮೆಂಟೊ ಕಳಿಸಿಬಿಡು ಎಂದು. ಕೊಲುವಿಗೆ ಕೂತ ಬೊಂಬೆಯನ್ನು ಮನೆಯಿಂದಾಚೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ ಎಂದು ನಾನು ಹೇಳಿಕಳಿಸುತ್ತಿದ್ದೆ. ಅಂಥ ಪದ್ಧತಿ ಎಲ್ಲೂ ಇಲ್ಲ. ನಾನೇ ಹುಟ್ಟಿಸಿದ್ದು.

ಈ ವರ್ಷ ಮಾಡವೀದಿಗೆ ಜಯುವೇ ಹೋದ. ಬೀದಿ ಬದಿಯ ಅಂಗಡಿಯಲ್ಲಿ ಮದುವೆ ಊಟದ ಸೆಟ್ಟು ಸಿಕ್ಕಿತಂತೆ. ಎಲೆ ಮುಂದೆ ಕೂತವರು, ಬಡಿಸುವವರು, ಕೊಪ್ಪರಿಗೆಯಲ್ಲಿ ಸೌಟು ತಿರುಗಿಸುತ್ತಿರುವ ಒಬ್ಬ ಅಡುಗೆಯವನು. ಅಡುಗೆಯವನನ್ನು ಮಾತ್ರ ಕೊಡಿ ಎಂದರೆ ಅಂಗಡಿಯವಳು ಒಪ್ಪಲಿಲ್ಲ. ಇಡೀ ಸೆಟ್ಟು ಕೊಂಡು ತಂದು, ಉಳಿದವರನ್ನೆಲ್ಲ ಡಬ್ಬಿಯಲ್ಲೇ ಬಿಟ್ಟು, ಅಡುಗೆಯವನೊಬ್ಬನನ್ನು ತೆಗೆದ. ಲಾರಿಯನ್ನು ಈ ಸಲ ಟ್ರಂಕಿನ ತಳಕ್ಕೆ ತಳ್ಳೋಣವೆಂದಿದ್ದೆ, ರೂಢಿ ಹಾಳಾಗಲಿ ಎಂದು. ಅವನೇ "ಇರುಕ್ಕಟ್ಟುಂ ಅಮ್ಮಾ, ವೈ," ಅಂದ. ಇರಲಿ, ಇಡು ಅಂತ. ನಾನು ಲಾರಿ ಇಟ್ಟೆ. ಅದರ ಮುಂದೆ ಅವನು ಅಡುಗೆಯವನನ್ನು ಇಟ್ಟ.

ಪಾಡ್ಯದ ಸಂಜೆ ಬಾಗಿಲು ತೆಗೆದರೆ ಅಣ್ಣ ಅತ್ತಿಗೆ ನಿಂತಿದ್ದರು. ಅಣ್ಣ ಸೊರಗಿದ್ದ. ಅವರ ಹೊಸ ಫ್ಲಾಟು ಮುಗಿದಿದೆಯಂತೆ, ಶೋಕೇಸು ಮಾಡಿಸಿದ್ದಾರಂತೆ. ಚಪ್ಪಲಿ ಬಿಡುತ್ತಲೇ ಹೇಳಿದ, ತನ್ನ ಲಾರಿಯ ಕಾಲ ಮುಗಿಯಿತಂತೆ, ಹೊಸದು ಬಂದಿದೆಯಂತೆ, ಹಳೆಯವನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಾರಂತೆ. "ಇನ್ನು ಆ ಮಾಡೆಲ್ ಒಂದೇ ಕಣೇ ಉಳಿದಿರೋದು," ಅಂದ. ಯಜಮಾನರು ಬನ್ನಿ ಬನ್ನಿ ಅಂದರು. ನಾನು ಅಡುಗೆಮನೆಗೆ ಹೋಗಿ ಕಾಫಿಗೆ ಹಾಲು ಇಟ್ಟು ಬಂದೆ.

ಅಣ್ಣ ಕೊಲುವಿನ ಮುಂದೆ ನಿಂತಿದ್ದ. ಗುಂಡಿಯ ಕಡೆ ಕೈ ಚಾಚಿದವನು, ನಡುವೆ ಅಡ್ಡ ಬಂದ ಬೊಂಬೆಯನ್ನು ನೋಡಿ ನಿಲ್ಲಿಸಿದ.

"ಇದ್ಯಾರಪ್ಪ ಹೊಸಬ, ಇಲ್ಲಿ ಬಂದು ನಿಂತಿದಾನೆ," ಅಂದ ನಗುತ್ತಾ.

ಜಯು ಸೋಫಾದಿಂದ ಎದ್ದು ಬಂದು, ಕೇಳಿಸುವ ಕಿವಿಯನ್ನು ಮಾಮನ ಕಡೆ ತಿರುಗಿಸಿ ನಿಂತ.

"ಅವತ್ತು ಫೋನಲ್ಲಿ ಕೇಳಿದ್ರಲ್ಲ ಮಾಮಾ, ಎಲ್ಲಿ ಹೊಡೀತು ಅಂತ," ಅಂದ. ಅಂದದ್ದು ಕನ್ನಡದಲ್ಲಿ. "ಇವರಿಗೆ."

ಅಣ್ಣನ ಕೈ ಅಲ್ಲೇ ನಿಂತಿತ್ತು. ನಾನು ಒಳಗೆ ಹೋಗಿ ಅತ್ತಿಗೆಗೆ ತಾಂಬೂಲದ ತಟ್ಟೆ ಜೋಡಿಸಿದೆ. ಒಲೆಯ ಮೇಲೆ ಇಟ್ಟ ಹಾಲು ಇನ್ನೂ ಬೆಚ್ಚಗೂ ಆಗಿರಲಿಲ್ಲ. ಒಲೆ ಆರಿಸಿ, ತಟ್ಟೆ ತೆಗೆದುಕೊಂಡು ಅತ್ತಿಗೆಯ ಮುಂದೆ ಬಂದೆ.